ಹತ್ತು ಜನರ ಹಾಕಿ ಟೀಮು

ಹಾಕಿ ಟೀಮಿನಲ್ಲಿ ಎಷ್ಟು ಜನ?

ಹನ್ನೊಂದು. ಆಟ ನೋಡದವರೂ ಹೇಳುತ್ತೀರಿ. ಆದರೆ ಕಳೆದ ಭಾನುವಾರ ಮಧ್ಯಾಹ್ನ ಠಾಕುರ್ಲಿಯ ಒಂದು ಹೋಟೆಲಿನಲ್ಲಿ, ಹಾಕಿ ನೋಡಿ ನೋಡಿಯೇ ತಲೆಕೂದಲು ಬೆಳ್ಳಗೆ ಮಾಡಿಕೊಂಡ ಮೂವರು ಕುಳಿತು ಮುಂದಿನ ಸೀಸನ್ನಿನ ಟೀಮು ಕಟ್ಟಿದೆವು. ಮೂವರೂ ಕಟ್ಟಿದ್ದು ಹತ್ತೇ ಜನರ ಟೀಮು. ಆ ಮೂವರಲ್ಲಿ ಒಬ್ಬಳು ನಾನು.

ವಯಸ್ಸಾಯಿತು, ಮರೆವು ಅಂದುಕೊಂಡಿರಾ? ಮರೆವಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಈ ಅಂಕಣದ ಹೊಸ ಓದುಗರಿಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. (ಹಳಬರು ಕಾಫಿ ಮಾಡಿಕೊಂಡು ಬನ್ನಿ.) ಉಡುಪಿ ಕಡೆಯಿಂದ ಮುಂಬಯಿಗೆ ಬಂದ ನಮ್ಮ ಊರಿನವರದ್ದೊಂದು ಹಾಕಿ ಟೀಮು ಇದೆ. ಡೊಂಬಿವಲಿ, ಠಾಕುರ್ಲಿ, ಕಲ್ಯಾಣದ ಹೋಟೆಲಿನವರು, ಆಫೀಸಿನವರು ಸೇರಿ ಯಾವುದೋ ಕಾಲದಲ್ಲಿ ಕಟ್ಟಿದ್ದು. ಆಡುವುದು ಜಿಲ್ಲಾ ಲೀಗಿನ ಮೂರನೇ ಡಿವಿಜನ್ನಿನಲ್ಲಿ. ನಾಲ್ಕನೆಯದು ಇಲ್ಲ, ಇದ್ದಿದ್ದರೆ ಅಲ್ಲಿರುತ್ತಿದ್ದೆವು. ಮೊದಲು ಎಲ್ಲರೂ ನಮ್ಮವರೇ ಇದ್ದರು. ಈಗ ಅರ್ಧಕ್ಕರ್ಧ ಮರಾಠಿ ಹುಡುಗರು. ನಮ್ಮ ಹುಡುಗರು ಮನೆಯಲ್ಲಿ ತುಳು, ಮೈದಾನದಲ್ಲಿ ಹಿಂದಿ, ಜಗಳಕ್ಕೆ ಮರಾಠಿ. ಕನ್ನಡ ಉಳಿದಿರುವುದು ಮೈದಾನದ ಹೊರಗೆ ಬೆಂಚಿನಲ್ಲಿ ಕೂತ ನಮ್ಮಂಥ ನಾಲ್ಕು ಜನರ ಬಾಯಲ್ಲಿ.

ಈ ನಾಲ್ವರಿಗೆ ಒಂದು ಚಟ ಉಂಟು. ಮುಂದಿನ ಸೀಸನ್ನಿಗೆ ಟೀಮಿನಲ್ಲಿ ಯಾರಿರುತ್ತಾರೆ ಅಂತ ಮಳೆಗಾಲದಲ್ಲೇ ಅಂದಾಜು ಹೇಳುವುದು.

ಇದು ನಾವು ಊರಿನಿಂದ ತಂದ ಚಟ. ನಮ್ಮ ಕಡೆ ಆಟಿ ತಿಂಗಳಲ್ಲಿ, ಅಂದರೆ ಜೋರು ಮಳೆಯ ಆಷಾಢದಲ್ಲಿ, ಯಕ್ಷಗಾನ ಮೇಳಗಳ ತಿರುಗಾಟ ನಿಂತಿರುತ್ತದಲ್ಲ, ಆಗ ಎಲ್ಲಿ ನಾಲ್ಕು ಜನ ಸೇರಿದರೂ ಒಂದೇ ಮಾತು. ಈ ಸಲ ಆ ಭಾಗವತರು ಯಾವ ಮೇಳಕ್ಕೆ? ಈ ಸ್ತ್ರೀವೇಷದವರು ಇಲ್ಲೇ ಉಳಿಯುತ್ತಾರಾ, ಆ ಕಡೆ ಹಾರುತ್ತಾರಾ? ಮೇಳದ ಯಜಮಾನನಿಗೇ ಗೊತ್ತಿಲ್ಲದ್ದು ಅಂಗಡಿ ಬೆಂಚಿನಲ್ಲಿ ಕೂತವನಿಗೆ ಗೊತ್ತಿರುತ್ತದೆ! ಮುಂಬಯಿ ಕಡೆ ಬಂದ ಮೇಲೆ ಮೇಳ ದೂರವಾಯಿತು, ಬಾಯಿಚಪಲ ದೂರವಾಗಲಿಲ್ಲ. ಅದು ಹಾಕಿ ಟೀಮಿಗೆ ಅಂಟಿಕೊಂಡಿತು.

ನಾಲ್ವರು ಯಾರು ಅಂತ ಹೇಳಿಬಿಡುತ್ತೇನೆ. ಮೊದಲನೆಯವರು ದಾಮೋದರಣ್ಣ. ಠಾಕುರ್ಲಿ ಸ್ಟೇಷನ್ನಿನ ಹತ್ತಿರ ಅವರ ಶುದ್ಧ ಸಸ್ಯಾಹಾರಿ ಹೋಟೆಲು, ಅದೇ ಕಟ್ಟಡದ ಎರಡನೇ ಮಹಡಿಯಲ್ಲಿ ಮನೆ. ಟೀಮಿನ ಮ್ಯಾನೇಜರೂ ಅವರೇ, ಅನ್ನದಾತರೂ ಅವರೇ. ಎರಡನೆಯವರು ಶೇಖರಣ್ಣ. ಘೋಡಬಂದರ್ ರಸ್ತೆಯ ದೊಡ್ಡ ಕಾಂಪ್ಲೆಕ್ಸಿಗೆ ಮನೆ ಬದಲಾಯಿಸಿ ವರ್ಷಗಳಾದರೂ, ಟ್ರಾಫಿಕ್ಕಿಗೆ ಬೈಯುತ್ತಾ ಪ್ರತಿ ಮ್ಯಾಚಿಗೆ ಬರುವವರು. ಮೂರನೆಯವರು ಬಸವರಾಜ ಮೇಷ್ಟ್ರು, ಧಾರವಾಡ ಕಡೆಯವರು, ಕಲ್ಯಾಣದ ಶಾಲೆಯೊಂದರಲ್ಲಿ ಪಿ.ಟಿ. ಕಲಿಸಿ ನಿವೃತ್ತರಾದವರು. ನಮ್ಮ ಕೋಚು. ತಮಾಷೆ ಏನೆಂದರೆ ಟೀಮು ಆರಿಸುವವರು ಅವರೇ, ಆದರೆ ಅಂದಾಜು ಎಲ್ಲರಿಗಿಂತ ಹೆಚ್ಚು ತಪ್ಪುವುದೂ ಅವರದೇ.

ನಾಲ್ಕನೆಯವಳು ನಾನು. ಉಡುಪಿಯ ಕಾಲೇಜಿನಲ್ಲಿ ಲೆಫ್ಟ್ ಹಾಫ್ ಆಡುತ್ತಿದ್ದೆ. ಮದುವೆಯಾಗಿ ಡೊಂಬಿವಲಿಗೆ ಬಂದೆ, ಸ್ಟಿಕ್ಕು ಅಟ್ಟ ಸೇರಿತು. ಒಂದು ದಿನ ಆ ಹೋಟೆಲಿನಲ್ಲಿ ದೋಸೆ ತಿನ್ನುತ್ತಿದ್ದಾಗ ಪಕ್ಕದ ಟೇಬಲಿನ ಗಂಡಸರು ಲೆಫ್ಟ್ ಹಾಫಿನ ಬಗ್ಗೆ ಬಾಯಿಗೆ ಬಂದದ್ದು ಮಾತಾಡುತ್ತಿದ್ದರು. ಕೇಳಿಕೊಂಡು ಸುಮ್ಮನಿರುವ ಜಾಯಮಾನ ನನ್ನದಲ್ಲ. ಎದ್ದು ಹೋಗಿ ತಿದ್ದಿದೆ. ಅವತ್ತಿನಿಂದ ನನಗೂ ಒಂದು ಕುರ್ಚಿ ಸಿಕ್ಕಿತು.

ಸಭೆ ಆಟಿಯ ಒಂದು ಭಾನುವಾರ. ಮೂರು ಗಂಟೆಗೆ, ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು. ಶಟರು ಅರ್ಧ ಇಳಿದಿರುತ್ತದೆ. ಪತ್ರೊಡೆ, ಗೋಳಿಬಜೆ, ಕಾಫಿ. ಒಬ್ಬೊಬ್ಬರಾಗಿ ಗೋಲ್‌ಕೀಪರಿನಿಂದ ಲೆಫ್ಟ್ ಔಟ್‌ವರೆಗೆ ಹನ್ನೊಂದು ಹೆಸರು ಹೇಳಬೇಕು. (ಈಗಿನ ಕೋಚುಗಳು ಜಾಗಗಳಿಗೆ ಬೇರೇನೋ ಹೆಸರು ಹೇಳುತ್ತಾರೆ. ನಮ್ಮ ನಾಲಿಗೆಗೆ ಹಳೆಯದೇ ಸರಿ.)

ಇದಕ್ಕೆ ಆಟ ಗೊತ್ತಿದ್ದರೆ ಸಾಲದು ಕಣ್ರೀ, ಸಂಸಾರ ಗೊತ್ತಿರಬೇಕು. ರೈಟ್ ಇನ್ ಹುಡುಗನಿಗೆ ಭಿವಂಡಿಯ ಗೋದಾಮಿನಲ್ಲಿ ನೈಟ್ ಶಿಫ್ಟ್ ಬಿದ್ದರೆ ಬೆಳಗಿನ ಮ್ಯಾಚಿಗೆ ನಿದ್ದೆಗಣ್ಣಲ್ಲೇ ಬರುತ್ತಾನೆ. ಸೆಂಟರ್ ಹಾಫಿಗೆ ಹೆಣ್ಣು ನೋಡುತ್ತಿದ್ದಾರೆ, ನಿಶ್ಚಯವಾದರೆ ಅವನ ಭಾನುವಾರಗಳ ಕಥೆ ಮುಗಿಯಿತು. ಲೆಫ್ಟ್ ಬ್ಯಾಕಿನ ಕುಟುಂಬ ನವಿ ಮುಂಬಯಿಗೆ ಹೋಗುವ ಯೋಚನೆಯಲ್ಲಿದೆ. ಇಷ್ಟೆಲ್ಲ ಲೆಕ್ಕ ಹಾಕಿ ಹೆಸರು ಹೇಳಬೇಕು. ಮೇಷ್ಟ್ರು ಸೋಲುವುದು ಇಲ್ಲೇ. ಅವರು ಯಾರು ಚೆನ್ನಾಗಿ ಆಡುತ್ತಾರೆ ಅಂತ ಮಾತ್ರ ನೋಡುತ್ತಾರೆ.

ನಿಯಮ ಒಂದೇ. ನಿಮ್ಮ ಮನೆಯ ಹುಡುಗನ ಹೆಸರನ್ನು ನೀವು ಹೇಳುವಂತಿಲ್ಲ. ಅವನ ಜಾಗವನ್ನು ಹಾಗೇ ಬಿಟ್ಟು ಉಳಿದ ಹತ್ತು ಹೇಳಬೇಕು. ಅವನ ಹೆಸರು ಬರುವುದಿದ್ದರೆ ಬೇರೆಯವರ ಬಾಯಿಂದ ಬರಬೇಕು.

ಈ ನಿಯಮ ಬಂದದ್ದು ಒಂದು ಜಗಳದಿಂದ. ಹಿಂದೊಮ್ಮೆ ಇಬ್ಬರು ಅಪ್ಪಂದಿರು ‘ನನ್ನ ಮಗ ಸೆಂಟರ್ ಫಾರ್ವರ್ಡ್, ನಿನ್ನ ಮಗ ಏನು ಮಹಾ’ ಅಂತ ಇದೇ ಟೇಬಲಿನಲ್ಲಿ ಕಾಲರು ಹಿಡಿದುಕೊಂಡಿದ್ದರು. ಈಗಲೂ ಮದುವೆ ಮನೆಯಲ್ಲಿ ಎದುರಾದರೆ ಇಬ್ಬರೂ ಪಾಯಸದ ಕಡೆ ನೋಡುತ್ತಾರೆ. ಅವತ್ತೇ ದಾಮೋದರಣ್ಣ ಟೇಬಲು ತಟ್ಟಿ ನಿಯಮ ಮಾಡಿದರು. ಆಗ ಅವರ ಮಗ ನಿತಿನ್ ಇನ್ನೂ ಶಾಲೆಯಲ್ಲಿದ್ದ.

ಮುಂದೆ ಅದೇ ನಿತಿನ್ ನಮ್ಮ ಗೋಲ್‌ಕೀಪರ್ ಆದ. ಎಂಥ ಕೀಪರ್ ಅಂತೀರಿ! ಮೂರನೇ ಡಿವಿಜನ್ನಿನಲ್ಲಿ ಇರಬೇಕಾದವನೇ ಅಲ್ಲ. ಎದುರಿನವರು ಪೆನಾಲ್ಟಿ ಕಾರ್ನರಿಗೆ ನಿಂತಾಗ ನಾನು ಕಣ್ಣು ಮುಚ್ಚುತ್ತಿದ್ದೆ, ಪ್ಯಾಡಿಗೆ ಚೆಂಡು ಬಡಿದ ಸದ್ದು ಕೇಳಿದ ಮೇಲೆ ತೆರೆಯುತ್ತಿದ್ದೆ.

ಹೀಗಾಗಿ ನಿಯಮ ಮಾಡಿದವರೇ ನಿಯಮಕ್ಕೆ ಸಿಕ್ಕಿಬಿದ್ದರು. ಏಳು ವರ್ಷ ದಾಮೋದರಣ್ಣ ಹತ್ತೇ ಹೆಸರು ಹೇಳಿದರು. ಸರದಿ ಬಂದಾಗ ಹೆಗಲ ಮೇಲಿನ ಬಟ್ಟೆ ತೆಗೆದು, ಒರೆಸಿದ ಟೇಬಲನ್ನೇ ಮತ್ತೊಮ್ಮೆ ಒರೆಸುತ್ತಾ “ಗೋಲ್‌ಕೀಪರ್ ನೀವು ಹೇಳಿ ಮಾರಾಯ್ರೆ, ನಂಗೆ ಹೇಳ್ಲಿಕ್ಕಿಲ್ಲ” ಅನ್ನುತ್ತಿದ್ದರು. ನಾವು ಮೂವರೂ ಶಾಲೆಯ ಮಕ್ಕಳ ಹಾಗೆ ಒಟ್ಟಿಗೆ “ನಿತಿನ್!” ಅಂತ ಕೂಗುತ್ತಿದ್ದೆವು.

“ಹೌದಾ? ಆಯ್ತು ಹಾಗಾದ್ರೆ” ಅನ್ನುತ್ತಿದ್ದರು, ಮೊದಲ ಸಲ ಕೇಳಿದವರ ಹಾಗೆ. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಜೋರಾಗಿ “ನಾಲ್ಕು ಕಾಫಿ!” ಆ ಕೂಗಿನಲ್ಲಿ ಒಂದು ಖುಷಿ ಇರುತ್ತಿತ್ತು. ಮಕ್ಕಳಿದ್ದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ನಿತಿನ್ ಥಾಣೆಯ ಆಫೀಸಿಗೆ ಹೊರಟಿದ್ದ. ರಷ್. ಲೋಕಲ್ ಟ್ರೇನಿನ ಬಾಗಿಲಲ್ಲಿ ನಿಂತಿದ್ದ, ದಿನಾ ನಿಲ್ಲುವ ಹಾಗೆ. ಕೈ ಜಾರಿತು.

ಮುಂಬಯಿ ಕಡೆ ಯಾರಾದರೂ ಲೋಕಲಿನಿಂದ ಬಿದ್ದರು ಅಂತ ಫೋನು ಬಂದರೆ ಮೊದಲು ಕೇಳುವುದು ಒಂದೇ ಪ್ರಶ್ನೆ, “ಇದ್ದಾನಾ?” ಇದ್ದ. ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ‘ಜೀವ ಉಳಿಯಿತಲ್ಲ, ದೇವರು ದೊಡ್ಡವನು’ ಅಂದರು ಎಲ್ಲರೂ. ನಾನೂ ಅಂದೆ. ಇಪ್ಪತ್ತಾರು ವರ್ಷದ ಹುಡುಗನ ಕಾಲು ಹೋದಾಗ ಯಾವ ಬಾಯಲ್ಲಿ ಹಾಗಂದೆನೋ ಗೊತ್ತಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನೋಡಲು ಹೋದೆವು. ಹೋದವರೆಲ್ಲ ಮೆಟ್ಟಿಲ ಹತ್ತಿರವೇ ಒಬ್ಬರಿಗೊಬ್ಬರು ಪಿಸುಗುಟ್ಟಿ ಎಚ್ಚರಿಸುತ್ತಿದ್ದೆವು, “ಆಟದ ಸುದ್ದಿ ತೆಗೀಬೇಡಿ, ಪಾಪ.” ಒಳಗೆ ಹೋಗಿ ಕೂತು ಏನು ಮಾತಾಡುತ್ತಿದ್ದೆವು? ಊಟ ಆಯ್ತಾ. ಸೆಖೆ ಜಾಸ್ತಿ ಅಲ್ವಾ. ಟಿವಿಯಲ್ಲಿ ಎಂತ ಉಂಟು. ಅವನು ‘ಹಾಂ ಆಂಟಿ’, ‘ನಹೀ ಆಂಟಿ’ ಅನ್ನುತ್ತಿದ್ದ. ಸ್ವಲ್ಪ ಹೊತ್ತಿಗೆ ಟಿವಿಯ ವಾಲ್ಯೂಮ್ ಹೆಚ್ಚು ಮಾಡುತ್ತಿದ್ದ. ನಾವು ಎದ್ದು ಬರುತ್ತಿದ್ದೆವು. ನನ್ನ ಭೇಟಿಗಳು ವಾರಕ್ಕೊಂದಿದ್ದದ್ದು ತಿಂಗಳಿಗೊಂದಾಯಿತು. ಆಮೇಲೆ ಫೋನಿನಲ್ಲಿ ಅವನ ಅಮ್ಮ ಸುಮತಿಯನ್ನು ವಿಚಾರಿಸುವುದಕ್ಕೆ ಇಳಿಯಿತು.

ಉಳಿದ ಸೀಸನ್ನಿಗೆ ಗೋಲಿನಲ್ಲಿ ನಿಂತದ್ದು ಅನಿಕೇತ್ ಅನ್ನುವ ಹುಡುಗ. ಡೊಂಬಿವಲಿಯ ಮರಾಠಿ ಹುಡುಗ, ಒಳ್ಳೆಯವನು. ಟೀಮಿನ ಹತ್ತಿರ ಕೀಪರಿನ ಪ್ಯಾಡು, ಹೆಲ್ಮೆಟ್ಟು ಎಲ್ಲ ಇರುವುದು ಒಂದೇ ಸೆಟ್. ಅದು ಮೊದಲಿನಿಂದಲೂ ದಾಮೋದರಣ್ಣನ ಮನೆಯಲ್ಲಿ. ಪ್ರತಿ ಮ್ಯಾಚಿನ ಬೆಳಿಗ್ಗೆ ಅನಿಕೇತ್ ಎರಡು ಮಹಡಿ ಹತ್ತಿ ಬಂದು ಬಾಗಿಲಲ್ಲೇ ನಿಲ್ಲುತ್ತಿದ್ದನಂತೆ. ಸುಮತಿ ಸದ್ದಾಗದ ಹಾಗೆ ಒಂದೊಂದೇ ತಂದು ಕೊಡುತ್ತಿದ್ದಳಂತೆ. ಒಳಗಿನ ಕೋಣೆಯಲ್ಲಿ ನಿತಿನ್. ಅವನಿಗೆ ಕೇಳಿಸದೆ ಇರುತ್ತದಾ? ಅನಿಕೇತ್ ಒಮ್ಮೆಯೂ ಒಳಗೆ ಹೋಗಲಿಲ್ಲ. ಅವನನ್ನು ಒಳಗೆ ಕರೆಯಲು ಮನೆಯವರಿಗೂ ಧೈರ್ಯ ಬರಲಿಲ್ಲ.

ಆಟಿ ಬಂತು. ಈ ಸಲ ಸಭೆ ಇರಲಿಕ್ಕಿಲ್ಲ ಅಂದುಕೊಂಡಿದ್ದೆ. ಆದರೆ ಶುಕ್ರವಾರ ದಾಮೋದರಣ್ಣನ ವಾಟ್ಸಾಪ್ ಬಂತು: ‘ಭಾನುವಾರ ಮೂರು ಗಂಟೆ. ಪತ್ರೊಡೆ ಉಂಟು.’

ಅದರ ಹಿಂದೆಯೇ ಶೇಖರಣ್ಣನ ಫೋನು. “ವಿಜಯಕ್ಕ, ಎಂತ ಮಾಡುದು? ಅವರ ಎದುರು ಕೂತು ಟೀಮು ಹೇಳ್ಲಿಕ್ಕೆ ಆಗ್ತದಾ ನಮ್ಮಿಂದ?”

“ಕರೆದದ್ದು ಅವರೇ ಅಲ್ವಾ. ಹೋಗದಿದ್ರೆ ಬೇಜಾರು ಮಾಡಿಕೊಳ್ತಾರೆ.”

“ಅದು ಹೌದು. ಆದ್ರೆ ನಂಗೆ ಧೈರ್ಯವೇ ಇಲ್ಲ ಮಾರಾಯ್ತಿ.”

ನನಗಿತ್ತಾ? ಅದನ್ನು ಅವರಿಗೆ ಹೇಳಲಿಲ್ಲ.

ಭಾನುವಾರ ಹೋದೆವು. ಹೊರಗೆ ಮಳೆ, ಒಳಗೆ ಅರ್ಧ ಕತ್ತಲೆ. ಉಳಿದ ಇಬ್ಬರು ಕೈ ತೊಳೆಯಲು ಹೋದಾಗ ದಾಮೋದರಣ್ಣ ನನ್ನ ಹತ್ತಿರ ಬಂದು ಬಗ್ಗಿದರು.

“ವಿಜಯಕ್ಕ, ಇವತ್ತು ಬೆಳಿಗ್ಗೆ ನಿತಿನ್ ಕೇಳಿದ. ‘ಪಪ್ಪಾ, ಇವತ್ತು ಸಭೆ ಅಲ್ವಾ? ಕೀಪರ್ ಯಾರು ಅಂತ ಹೇಳ್ತಾರೆ, ಬಂದು ನಂಗೆ ಹೇಳು’ ಅಂತ. ಆ ದಿನದಿಂದ ಅವನು ಹಾಕಿ ಸುದ್ದಿ ತೆಗೆದದ್ದು ಇವತ್ತೇ.” ಅವರ ಕಣ್ಣಲ್ಲಿ ಏನೋ ಹೊಳೆಯುತ್ತಿತ್ತು. “ಎಂತಾದ್ರೂ ಒಂದು ತಗೊಂಡು ಹೋಗ್ಬೇಕು ಮೇಲೆ. ಅವನು ಕಾಯ್ತಾ ಇದ್ದಾನೆ.”

ಅಷ್ಟರಲ್ಲಿ ಇಬ್ಬರೂ ಬಂದು ಕೂತರು. ಅಯ್ಯೋ ದೇವರೇ, ಹುಡುಗನಿಗೆ ಇನ್ನೂ ಆಸೆ ಉಂಟಲ್ಲ! ಯಾರಾದರೂ ತನ್ನ ಹೆಸರು ಹೇಳಿಯಾರು ಅಂತ ಮೇಲೆ ಕೂತು ಕಾಯುತ್ತಿದ್ದಾನೆ. ಅವನ ಹೆಸರು ಹೇಳಿದರೆ ಸುಳ್ಳು, ಅನಿಕೇತ್ ಅಂದರೆ ಅವನ ಆಸೆಗೆ ಕಲ್ಲು. ಹೀಗಂದುಕೊಂಡೆ ನಾನು. ಊರಿಗೆಲ್ಲ ಬುದ್ಧಿ ಹೇಳುವ ಅಂಕಣಗಾರ್ತಿ, ಒಬ್ಬ ಹುಡುಗ ನೇರವಾಗಿ ಕೇಳಿದ ಪ್ರಶ್ನೆಯನ್ನು ನನ್ನ ಮನಸ್ಸಿಗೆ ಬಂದ ಹಾಗೆ ಅರ್ಥ ಮಾಡಿಕೊಂಡೆ.

ಶೇಖರಣ್ಣ ಶುರು ಮಾಡಿದರು. ಗಂಟಲು ಸರಿ ಮಾಡಿಕೊಂಡು, “ರೈಟ್ ಬ್ಯಾಕ್…” ಅಂದರು.

ಗೋಲ್‌ಕೀಪರಿನಿಂದ ಶುರುವಾಗಬೇಕಾದದ್ದು ರೈಟ್ ಬ್ಯಾಕಿನಿಂದ ಶುರುವಾಯಿತು. ಅವರು ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಹೇಳಿದ ಹಾಗೆ ಹತ್ತು ಹೆಸರು ಹೇಳಿ, ಒಂದು ಗೋಳಿಬಜೆ ಬಾಯಿಗೆ ಹಾಕಿಕೊಂಡು ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು.

ಮುಂದೆ ಮೇಷ್ಟ್ರು. “ಗೋಲ್… ಅದು ಇರ್ಲಿ ತಗೋರಿ. ಬ್ಯಾಕಿಗೆ ಬರೋಣು. ಆ ಹುಡುಗ ಚಲೋ ಆಡ್ತಾನ್ರೀ, ನವಿ ಮುಂಬಯಿಗೆ ಹೋದ್ರೂ ನಾ ಬಿಡಂಗಿಲ್ಲ ಅವನ್ನ.” ಹೀಗೆ ಮಾತಿನ ಮೇಲೆ ಮಾತು ಹಾಕಿ ಹತ್ತು ಹೆಸರು ದಾಟಿಸಿದರು. ಟೀಮು ಆರಿಸಬೇಕಾದ ಕೋಚು! ಗೋಲಿನಲ್ಲಿ ಯಾರೂ ಇಲ್ಲ.

ನನ್ನ ಸರದಿ ಬಂತು. ಇಬ್ಬರ ಮೇಲೂ ನನಗೆ ಸಿಟ್ಟು ಬಂದಿತ್ತು. ಇದೇನು ಹೇಡಿತನ ಅಂತ. ಬಾಯಿ ತೆರೆದೆ. ಎದುರಿಗೆ ದಾಮೋದರಣ್ಣನ ಕೈ ಕಾಣಿಸಿತು. ಅದೇ ಬಟ್ಟೆ, ಒರೆಸಿದ ಟೇಬಲನ್ನೇ ಒರೆಸುತ್ತಿದ್ದರು. ಏಳು ವರ್ಷ ನಾವು ‘ನಿತಿನ್’ ಅಂತ ಕೂಗುವ ಮುಂಚೆ ಒರೆಸುತ್ತಿದ್ದ ಹಾಗೆಯೇ.

“ರೈಟ್ ಬ್ಯಾಕ್” ಅಂದೆ. ಹತ್ತು ಹೆಸರು ಹೇಳಿ ಮುಗಿಸಿದೆ.

ನಂಬಿ, ನಾವು ಮೊದಲೇ ಮಾತಾಡಿಕೊಂಡಿರಲಿಲ್ಲ. ಯಾರೂ ಯಾರಿಗೂ ಕಣ್ಸನ್ನೆ ಮಾಡಿರಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಪಾಡಿಗೆ ದಯೆ ತೋರಿಸಿದ್ದೆವು. ಅಷ್ಟೂ ದಯೆ ಸೇರಿ ಆ ಟೇಬಲಿನ ಸುತ್ತ ಉಸಿರಾಡಲು ಆಗದ ಹಾಗಾಗಿತ್ತು.

ಬಟ್ಟೆ ನಿಂತಿತು. ದಾಮೋದರಣ್ಣ ಅದನ್ನು ಮಡಚಿ ಹೆಗಲಿಗೆ ಹಾಕಿಕೊಂಡರು.

“ಇನ್ನು ನಂದು” ಅಂದರು. “ಗೋಲ್‌ಕೀಪರ್, ಅನಿಕೇತ್.”

ಮೂವರೂ ಅವರ ಮುಖ ನೋಡಿದೆವು.

“ನೀವು ಯಾಕೆ ಹಾಗೆ ನೋಡ್ತೀರಿ? ಏಳು ವರ್ಷ ಈ ಜಾಗದ ಹೆಸರು ಹೇಳ್ಲಿಕ್ಕೆ ನಂಗೆ ಇರ್ಲಿಲ್ಲ. ನಿಯಮ ಅಲ್ವಾ? ಈಗ ಹೇಳ್ಬಹುದು.” ಹೆಗಲ ಬಟ್ಟೆ ಸರಿ ಮಾಡಿಕೊಂಡರು. “ಈಗ ನನ್ನ ಹುಡುಗ ಟೀಮಿನಲ್ಲಿ ಇಲ್ಲ.”

ಆಮೇಲೆ ರೈಟ್ ಬ್ಯಾಕಿನಿಂದ ಲೆಫ್ಟ್ ಔಟ್‌ವರೆಗೆ ಉಳಿದ ಹತ್ತನ್ನೂ ಒಂದೂ ತಪ್ಪದೆ, ಕ್ರಮವಾಗಿ ಹೇಳಿದರು. ದನಿ ಎಲ್ಲೂ ನಡುಗಲಿಲ್ಲ. ಅವತ್ತು ಆ ಟೇಬಲಿನಲ್ಲಿ ಪೂರ್ತಿ ಟೀಮು ಇದ್ದದ್ದು ಅವರೊಬ್ಬರದೇ. ಮುಗಿಸಿ ಎದ್ದು ಅಡುಗೆಮನೆಯ ಕಡೆ ತಿರುಗಿದರು. “ನಾಲ್ಕು…” ಅಂದರು. ಕಾಫಿ ಅನ್ನುವ ಶಬ್ದ ಹೊರಡಲಿಲ್ಲ. ಒಳಗೆ ಹೋಗಿಬಿಟ್ಟರು.

ಶೇಖರಣ್ಣ ಕ್ಯಾಲೆಂಡರ್ ನೋಡುತ್ತಲೇ ಅಳುತ್ತಿದ್ದರು. ಮೇಷ್ಟ್ರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. “ತಪ್ಪು ಮಾಡಿದ್ವಿ ಅಕ್ಕಾರ” ಅಂದರು. “ಅಪ್ಪನ ಬಾಯಿಂದ ಹೇಳಿಸಿದ್ವಿ.”

ಹೊರಡುವಾಗ ದಾಮೋದರಣ್ಣ ಗಲ್ಲಾದ ಹಿಂದೆ ನಿಂತಿದ್ದರು. ಮುಖ ತೊಳೆದುಕೊಂಡಿದ್ದರು. ನನ್ನನ್ನು ನೋಡಿ “ವಿಜಯಕ್ಕ, ನೀವು ಒಮ್ಮೆ ಮೇಲೆ ಹೋಗ್ತೀರಾ?” ಅಂದರು. “ನಾನು ಹೋಗಿ ಹೇಳಿದ್ರೆ ಅಪ್ಪ ಹೇಳಿದ್ದು ಅಂತ ಆಗ್ತದೆ. ಅವನು ಕೇಳಿದ್ದು ನೀವೆಲ್ಲ ಎಂತ ಹೇಳ್ತೀರಿ ಅಂತ.”

ಹೋಗದೆ ಇರುವುದು ಹೇಗೆ? ಹತ್ತಿದೆ. ಎರಡು ಮಹಡಿ ಅಷ್ಟು ಎತ್ತರ ಅಂತ ಗೊತ್ತಿರಲಿಲ್ಲ.

ಸುಮತಿ ಬಾಗಿಲು ತೆರೆದಳು. ಮೂಲೆಯಲ್ಲಿ ಹಳೆಯ ಬೆಡ್‌ಶೀಟ್ ಹೊದೆಸಿದ ಒಂದು ಗುಡ್ಡೆ. ಕೀಪರಿನ ಪ್ಯಾಡುಗಳು ಅಂತ ಯಾರೂ ಹೇಳಬೇಕಾಗಿರಲಿಲ್ಲ. ನಿತಿನ್ ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದ. ಟಿವಿ ಆಫ್ ಆಗಿತ್ತು. ನಿಜವಾಗಿಯೂ ಕಾಯುತ್ತಿದ್ದ.

“ಆಂಟಿ, ಕೀಪರ್ ಕೌನ್?” ಊಟ, ಸೆಖೆ ಯಾವುದಕ್ಕೂ ಅವಕಾಶವೇ ಕೊಡಲಿಲ್ಲ.

“ನಿನ್ನ ಅಪ್ಪ ಅನಿಕೇತ್ ಅಂದ್ರು.”

“ಪಪ್ಪಾನೇ ಬೋಲಾ?” ಅವನ ಹುಬ್ಬು ಮೇಲೇರಿತು. “ಔರ್ ಆಪ್ ಲೋಗ್?”

ನಾನು ಕುರ್ಚಿ ಎಳೆದುಕೊಂಡೆ. ಸೀರೆಯ ಸೆರಗು ಸರಿ ಮಾಡಿಕೊಂಡೆ. ಸರಿಯಾಗಿಯೇ ಇತ್ತು. “ನಾವು ಹತ್ತು ಜನರನ್ನು ಹೇಳಿದೆವು.”

“ಹತ್ತು?” ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. “ಖಾಲಿ ಗೋಲ್?”

ನಾನು ತಲೆ ತಗ್ಗಿಸಿದೆ.

ನಿತಿನ್ ನನ್ನ ಹತ್ತಿರ ಕನ್ನಡ ಮಾತಾಡುವುದು ಅಪರೂಪ. ನಾನು ಕನ್ನಡದಲ್ಲಿ ಕೇಳಿದರೆ ಅವನದು ಹಿಂದಿಯಲ್ಲಿ ಉತ್ತರ, ಚಿಕ್ಕಂದಿನಿಂದ ಹಾಗೆಯೇ. ಅವತ್ತು ನಿಧಾನವಾಗಿ, ಹುಡುಕಿ ಹುಡುಕಿ ಕನ್ನಡದಲ್ಲಿ ಹೇಳಿದ.

“ಆಂಟಿ, ನಂಗೆ ಗೊತ್ತುಂಟು ನಾನು ಇಲ್ಲ ಅಂತ. ನಂಗಿಂತ ಜಾಸ್ತಿ ಯಾರಿಗೆ ಗೊತ್ತು? ದಿನಾ ಬೆಳಿಗ್ಗೆ ಎದ್ದು ನೋಡೋದು ನಾನು. ನೀವೆಲ್ಲ ಬರ್ತೀರಿ, ಊಟ ಆಯ್ತಾ ಅಂತ ಕೇಳ್ತೀರಿ. ಅನಿಕೇತ್ ಬರ್ತಾನೆ, ಬಾಗಿಲಿಂದ ಹೋಗ್ತಾನೆ. ಮಮ್ಮಿ ಪ್ಯಾಡಿಗೆ ಚಾದರ ಹಾಕಿದ್ದಾಳೆ, ಯಾರೋ ಸತ್ತ ಹಾಗೆ. ಯಾರಾದ್ರೂ ಒಬ್ರು ಹೇಳ್ಬೇಕಲ್ವಾ ಆಂಟಿ? ‘ನಿತಿನ್, ನೀನು ಇನ್ನು ಆಡುದಿಲ್ಲ, ನಿನ್ನ ಜಾಗಕ್ಕೆ ಇವನು’ ಅಂತ. ಯಾರೂ ಹೇಳ್ಲಿಲ್ಲ. ಅದಕ್ಕೇ ಕೇಳಿದ್ದು.”

ಅವನು ಆಸೆಯಿಂದ ಕೇಳಿದ್ದಾನೆ ಅಂದುಕೊಂಡಿದ್ದೆ. ಅವನು ಕೇಳಿದ್ದು ಒಂದು ವಿದಾಯವನ್ನು. ಅದನ್ನು ಕೊಡಲು ನಮ್ಮಲ್ಲಿ ಒಬ್ಬರಿಗೂ ಬಾಯಿ ಬರಲಿಲ್ಲ.

“ಬೋಲೋ ನಾ ಆಂಟಿ” ಅಂದ, ಮತ್ತೆ ಹಿಂದಿಗೆ ಜಾರಿ. “ಆಪ್ಕಾ ಕೀಪರ್ ಕೌನ್?”

ಏಳು ವರ್ಷ ಈ ಪ್ರಶ್ನೆಗೆ ಕೂಗಿ ಉತ್ತರ ಹೇಳಿದ್ದೇನೆ. ಈ ಸಲ ಪಿಸುಮಾತಿನಲ್ಲಿ ಹೇಳಿದೆ.

“ಅನಿಕೇತ್.”

“ಹಾಂ” ಅಂದ. ತಲೆಯಾಡಿಸಿದ. ಕಿಟಕಿಯ ಹೊರಗೆ ಲೋಕಲೊಂದು ಹೋಯಿತು. ಆ ಮನೆಯಲ್ಲಿ ಅದು ದಿನಪೂರ್ತಿ ಕೇಳಿಸುತ್ತಲೇ ಇರುತ್ತದೆ. ನಾನು ಮೊದಲ ಸಲ ಅದನ್ನು ಯೋಚಿಸಿದೆ.

ಸದ್ದು ಕಳೆದ ಮೇಲೆ ಅವನು ಹೇಳಿದ, “ಅಚ್ಛಾ ಹೈ ಲಡ್ಕಾ. ಆದ್ರೆ ಬೇಗ ಬೀಳ್ತಾನೆ ಆಂಟಿ. ಎದುರಿನವನು ಹೊಡೆಯುವ ಮೊದಲೇ ಬೀಳ್ತಾನೆ. ಮೇಷ್ಟ್ರಿಗೆ ಹೇಳಿ. ಕೀಪರ್ ಕೊನೆವರೆಗೆ ಕಾಲ ಮೇಲೆ…”

ಅಲ್ಲಿಗೆ ಮಾತು ನಿಂತಿತು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅಳಲು ಶುರು ಮಾಡಿದ. ಎಂಥ ಅಳು ಅದು. ಆರಡಿ ಎತ್ತರದ ಹುಡುಗ, ಪೆನಾಲ್ಟಿ ಸ್ಟ್ರೋಕಿಗೆ ಕಣ್ಣು ಮಿಟುಕಿಸದೆ ನಿಲ್ಲುತ್ತಿದ್ದವನು, ಮೈಯೆಲ್ಲ ಅಲುಗಿ ಅಳುತ್ತಿದ್ದ. ನಾನು ಎದ್ದು ಸಮಾಧಾನ ಮಾಡಲು ಕೈ ಚಾಚಿದೆ. ಬಾಗಿಲಲ್ಲಿ ನಿಂತಿದ್ದ ಸುಮತಿ ಬೇಡ ಅಂತ ತಲೆಯಾಡಿಸಿದಳು. ಅವಳ ಕೆನ್ನೆಯೂ ಒದ್ದೆಯಾಗಿತ್ತು.

“ಅಳ್ಲಿ, ಬಿಡಿ ವಿಜಯಕ್ಕ” ಅಂದಳು. “ಆಸ್ಪತ್ರೆಯಲ್ಲಿಯೂ ಅತ್ತಿರ್ಲಿಲ್ಲ.”

ನಾನು ಇಳಿದು ಬಂದಾಗ ಶಟರು ಪೂರ್ತಿ ಮೇಲೇರಿತ್ತು. ಸಂಜೆಯ ಗಿರಾಕಿಗಳು ಶುರುವಾಗಿದ್ದರು. ದಾಮೋದರಣ್ಣ ಯಾರಿಗೋ ಚಿಲ್ಲರೆ ಕೊಡುತ್ತಿದ್ದವರು ಕೈ ಹಾಗೆಯೇ ನಿಲ್ಲಿಸಿ ನನ್ನ ಮುಖ ನೋಡಿದರು.

“ಎಂತ ಹೇಳಿದ?”

“ಅನಿಕೇತ್ ಬೇಗ ಬೀಳ್ತಾನಂತೆ.”

“ಹೌದು” ಅಂದರು ದಾಮೋದರಣ್ಣ. “ಬೀಳ್ತಾನೆ.” ಗಿರಾಕಿಗೆ ಚಿಲ್ಲರೆ ಕೊಟ್ಟು, ಬಟ್ಟೆಯಿಂದ ಕಣ್ಣೊರೆಸಿಕೊಂಡು, ಗಲ್ಲಾವನ್ನು ಹುಡುಗನೊಬ್ಬನಿಗೆ ಬಿಟ್ಟು ಮೆಟ್ಟಿಲ ಕಡೆ ಹೋದರು.

ನಾನು ಡೊಂಬಿವಲಿಗೆ ಆಟೋದಲ್ಲಿ ಬಂದೆ. ಅವತ್ತು ಲೋಕಲ್ ಹತ್ತಲು ಮನಸ್ಸಾಗಲಿಲ್ಲ. ದಾರಿಯುದ್ದಕ್ಕೂ ಮೆಟ್ಟಿಲ ಬುಡದ ನಮ್ಮ ಪಿಸುಮಾತೇ ಕಿವಿಯಲ್ಲಿತ್ತು. ಆಟದ ಸುದ್ದಿ ತೆಗೀಬೇಡಿ, ಪಾಪ.

ಇಷ್ಟು ದಿನ ಸುದ್ದಿ ತೆಗೆಯದೆ ನಾವು ಕಾಪಾಡಿಕೊಂಡು ಬಂದದ್ದು ಅವನನ್ನೋ, ನಮ್ಮನ್ನೋ?